ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ದೊಡ್ಡ ಶೆಡ್ಡಿಗೆ ಹೊಸ ದೀಪ

ಕಾರ್ಖಾನೆ, ಗೋದಾಮುಗಳ ಹಳೆಯ ದೀಪ ಇಳಿಸಿ ಎಲ್‌ಇಡಿ ಏರಿಸುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ‘ಎಷ್ಟು ವ್ಯಾಟಿನದು ಹಾಕಲಿ?’ ಎಂದೇ ಶುರುವಾಗಿವೆ. ದೀಪ ಎಷ್ಟು ವಿದ್ಯುತ್ ತಿನ್ನುತ್ತದೆ ಎಂಬುದನ್ನಷ್ಟೇ ವ್ಯಾಟ್ ಹೇಳುತ್ತದೆ. ಎಷ್ಟು ಬೆಳಕು ಕೊಡುತ್ತದೆ ಎಂದು ತಿಳಿಯಲು ಲ್ಯೂಮೆನ್ ನೋಡಬೇಕು; ಆ ಬೆಳಕು ಕೆಲಸಗಾರನ ಕೈಯ ಹತ್ತಿರ ಎಷ್ಟು ಬಿತ್ತು ಎಂದು ತಿಳಿಯಲು ಲಕ್ಸ್ ಅಳೆಯಬೇಕು. ಕೆಳಗಿನ ಉತ್ತರಗಳಲ್ಲಿ ಈ ಮೂರು ಪದ ಮತ್ತೆ ಮತ್ತೆ ಬರುತ್ತವೆ. ಒಂದೇ ತೆರನ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು 60 ಮೀಟರ್ ಉದ್ದ, 30 ಮೀಟರ್ ಅಗಲದ ಯಂತ್ರಾಗಾರ. 8 ಮೀಟರ್ ಎತ್ತರದಲ್ಲಿ 400 ವ್ಯಾಟಿನ 40 ಮೆಟಲ್ ಹಾಲೈಡ್ ದೀಪಗಳಿವೆ. ಒಬ್ಬರು 200 ವ್ಯಾಟಿನ ಎಲ್‌ಇಡಿ ಹಾಕಿ ಎನ್ನುತ್ತಾರೆ, ಇನ್ನೊಬ್ಬರು 120 ಸಾಕು ಎನ್ನುತ್ತಾರೆ. ಯಾರನ್ನು ನಂಬುವುದು?

ಉತ್ತರ: ಲ್ಯೂಮೆನ್ ಹೇಳದೆ ವ್ಯಾಟ್ ಮಾತ್ರ ಹೇಳಿದ್ದರೆ ಇಬ್ಬರನ್ನೂ ನಂಬಬೇಡಿ. ಒಂದು ವ್ಯಾಟಿಗೆ 100 ಲ್ಯೂಮೆನ್ ಕೊಡುವ 200 ವ್ಯಾಟಿನ ಫಿಟ್ಟಿಂಗ್ 20,000 ಲ್ಯೂಮೆನ್ ಕೊಡುತ್ತದೆ. ವ್ಯಾಟಿಗೆ 140 ಕೊಡುವ 150 ವ್ಯಾಟಿನದು 21,000 ಕೊಡುತ್ತದೆ. ಹೆಚ್ಚು ತಿಂದು ಕಡಿಮೆ ದುಡಿಯುವುದು ಯಾವುದೆಂದು ನೀವೇ ನೋಡಿ.

ಮೊದಲ ಕೆಲಸ, ಈಗಿರುವ ಬೆಳಕನ್ನು ಅಳೆಯುವುದು. ಕತ್ತಲಾದ ಮೇಲೆ ದೀಪ ಹಾಕಿ 20 ನಿಮಿಷ ಬಿಡಿ. ಮೆಟಲ್ ಹಾಲೈಡ್ ಪೂರ್ತಿ ಬೆಳಗಲು ಅಷ್ಟು ಹೊತ್ತು ಬೇಕು. ನೆಲದಿಂದ 80 ಸೆಂಟಿಮೀಟರ್ ಎತ್ತರದಲ್ಲಿ, ಸುಮಾರು 5 ಮೀಟರಿಗೊಂದರಂತೆ ಚೌಕ ಹಾಕಿಕೊಂಡು ಲಕ್ಸ್ ಮೀಟರ್ ಇಟ್ಟು ಬರೆದುಕೊಳ್ಳಿ. ಗೋಡೆಯಿಂದ ಒಂದು ಮೀಟರ್ ಒಳಗೇ ಇರಲಿ. ನಿಮ್ಮ ನೆರಳು ಮೀಟರಿನ ಮೇಲೆ ಬೀಳದಂತೆ ನಿಲ್ಲಿ. ಇದೊಂದರಲ್ಲೇ ಎಷ್ಟೋ ಅಳತೆಗಳು ಕೆಡುತ್ತವೆ.

ಈಗ ಲೆಕ್ಕ. 400 ವ್ಯಾಟಿನ ಹೊಸ ಮೆಟಲ್ ಹಾಲೈಡ್ ಬಲ್ಬು ಸುಮಾರು 36,000 ಲ್ಯೂಮೆನ್ ಕೊಡುತ್ತದೆ. ಅರ್ಧ ಆಯಸ್ಸು ಕಳೆಯುವಷ್ಟರಲ್ಲಿ ಅದರ ಮೂರನೇ ಒಂದು ಭಾಗ ಹೋಗಿರುತ್ತದೆ. ಬಲ್ಬು ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವುದರಿಂದ ರಿಫ್ಲೆಕ್ಟರಿಗೆ ಬಡಿದು ಹೊರಬರುವಾಗ ಉಳಿದದ್ದರಲ್ಲೂ ಕಾಲುಭಾಗಕ್ಕಿಂತ ಹೆಚ್ಚು ಸೋರುತ್ತದೆ. ಕೊನೆಗೆ ಕೆಳಗೆ ಬರುವುದು 15ರಿಂದ 17 ಸಾವಿರ. ಎಲ್‌ಇಡಿ ಹೈಬೇ (ಎತ್ತರದ ಚಾವಣಿಗೆ ತೂಗುಹಾಕುವ ಫಿಟ್ಟಿಂಗ್) ಮೇಲೆ ನಮೂದಿಸಿದ ಲ್ಯೂಮೆನ್ ಫಿಟ್ಟಿಂಗಿನಿಂದ ಹೊರಬಂದ ಲೆಕ್ಕವಾದ್ದರಿಂದ ಅಲ್ಲಿ ಈ ಸೋರಿಕೆ ಮತ್ತೆ ಕಳೆಯಬೇಕಿಲ್ಲ. ಆದರೆ ಬೆಳಕಿನ ಅಂಕಿ ಕೊಟ್ಟಿರುವುದು ಬರಿಯ ಎಲ್‌ಇಡಿ ಚಿಪ್ಪಿಗೋ ಇಡೀ ಫಿಟ್ಟಿಂಗಿಗೋ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ಸಾಧಾರಣ ಯಂತ್ರಕೆಲಸಕ್ಕೆ 300 ಲಕ್ಸ್ ಸಾಮಾನ್ಯ ಗುರಿ. 0.1 ಮಿಲಿಮೀಟರಿಗಿಂತ ಸೂಕ್ಷ್ಮ ಅಳತೆಯ ಕೆಲಸಕ್ಕೆ 500. ನಿಮ್ಮ ಅಂಗಳ 1,800 ಚದರ ಮೀಟರ್. 300 ಲಕ್ಸಿಗೆ ಕೆಲಸದ ಮಟ್ಟದಲ್ಲಿ 5,40,000 ಲ್ಯೂಮೆನ್ ಬೀಳಬೇಕು. 21,000 ಲ್ಯೂಮೆನಿನ ಫಿಟ್ಟಿಂಗ್ ಒಂದರಿಂದ ಗೋಡೆ, ಚಾವಣಿಗೆ ಹೋಗುವುದನ್ನು ಕಳೆದರೆ 0.85 ಪಾಲು ಕೆಲಸಕ್ಕೆ ಬರುತ್ತದೆ ಎಂದುಕೊಳ್ಳಿ; ಧೂಳು, ವಯಸ್ಸಿನ ಲೆಕ್ಕಕ್ಕೆ ಮತ್ತೆ 0.8ರಿಂದ ಗುಣಿಸಿ. ಉಳಿದದ್ದು 14,280. ಭಾಗಿಸಿದರೆ 38 ಫಿಟ್ಟಿಂಗ್. ಸಾಲು ಸರಿಹೋಗಲು 40. ಉದ್ದಕ್ಕೆ 8, ಅಗಲಕ್ಕೆ 5. ಉದ್ದದಲ್ಲಿ 7.5 ಮೀಟರಿಗೊಂದು, ಅಗಲದಲ್ಲಿ 6 ಮೀಟರಿಗೊಂದು; ಗೋಡೆಯಿಂದ ಮೊದಲ ಸಾಲಿಗೆ ಅದರ ಅರ್ಧ. ದೀಪ ಕೆಲಸದ ಮಟ್ಟದಿಂದ 7.2 ಮೀಟರ್ ಮೇಲಿದೆ, ದೀಪಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. 90 ಡಿಗ್ರಿಯ ಲೆನ್ಸಿಗೆ ಇದು ಒಪ್ಪುವ ಅಂತರ. 60 ಡಿಗ್ರಿಯದನ್ನು ಹಾಕಿದರೆ ದೀಪದ ಕೆಳಗೆ ಬಿಳಿ ವೃತ್ತ, ನಡುವೆ ಮಬ್ಬು ಪಟ್ಟಿ ಬಂದೀತು.

ಉಳಿತಾಯ ನೋಡಿ. 400 ವ್ಯಾಟಿನ ಬಲ್ಬು ಚೋಕ್ ಸೇರಿ ಸುಮಾರು 455 ವ್ಯಾಟ್ ಎಳೆಯುತ್ತದೆ, 40ಕ್ಕೆ 18.2 ಕಿಲೋವ್ಯಾಟ್. ಹೊಸದು 6 ಕಿಲೋವ್ಯಾಟ್. ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ ಎಂದರೆ 58,560 ಯೂನಿಟ್ ಉಳಿಯುತ್ತದೆ. 120 ವ್ಯಾಟಿನದು ವ್ಯಾಟಿಗೆ 140 ಲ್ಯೂಮೆನಿನದೇ ಆಗಿದ್ದರೂ 16,800 ಕೊಡುತ್ತದೆ. ಹಾಕಿದ ದಿನ ಹಳೆಯ ದೀಪಕ್ಕೆ ಸರಿಸಮ, ಮೂರು ವರ್ಷಕ್ಕೆ ಕೆಳಗೆ.

ಇನ್ನೊಂದು ಮಾತು. ಒಂದು ಮೂಲೆಯಲ್ಲಿ ತಪಾಸಣೆ ಮೇಜು ಇದೆ ಎಂದು ಇಡೀ ಶೆಡ್ಡನ್ನು 750 ಲಕ್ಸಿಗೆ ಏರಿಸುವವರಿದ್ದಾರೆ. ಆ ಮೇಜಿನ ಮೇಲೆ 15 ವ್ಯಾಟಿನ ಪ್ರತ್ಯೇಕ ದೀಪ ಬಾಗಿಸಿ ಇಟ್ಟರೆ ಮುಗಿಯಿತು.

ಪ್ರಶ್ನೆ: ಹಳೆಯ ಫಿಟ್ಟಿಂಗ್ ಹಾಗೇ ಇಟ್ಟು ಅದೇ ಹೋಲ್ಡರಿಗೆ ಜೋಳದ ತೆನೆಯಂಥ ಎಲ್‌ಇಡಿ ಬಲ್ಬು ತಿರುಗಿಸಿದೆವು. ಎರಡೇ ತಿಂಗಳಲ್ಲಿ ಅರ್ಧ ಸುಟ್ಟವು. ಬಲ್ಬು ಕಳಪೆಯೇ?

ಉತ್ತರ: ಇರಬಹುದು. ಅದಕ್ಕೂ ಮೊದಲು ಫಿಟ್ಟಿಂಗಿನ ಪೆಟ್ಟಿಗೆ ತೆರೆದು ಇಗ್ನೈಟರ್ ಇನ್ನೂ ಅಲ್ಲೇ ಇದೆಯೇ ನೋಡಿ. ಮೆಟಲ್ ಹಾಲೈಡ್ ಹೊತ್ತಿಸಲು ಅದು ಸಾವಿರಾರು ವೋಲ್ಟಿನ ಹೊಡೆತ ಕೊಡುತ್ತದೆ, ಬಲ್ಬಿನೊಳಗೆ ಕಿಡಿ ಹತ್ತಿದ್ದು ತಿಳಿದ ಕೂಡಲೇ ಸುಮ್ಮನಾಗುತ್ತದೆ. ಎಲ್‌ಇಡಿಯಲ್ಲಿ ಆ ಕಿಡಿ ಹತ್ತುವುದೇ ಇಲ್ಲ; ಹೀಗಾಗಿ ಇಗ್ನೈಟರ್ ಹೊಡೆಯುತ್ತಲೇ ಇರುತ್ತದೆ. ಎಲ್‌ಇಡಿಗೆ ಬೇಕಾದಂತೆ ಕರೆಂಟ್ ಹದಮಾಡಿ ಕೊಡುವ ಡ್ರೈವರಿನ ಒಳಭಾಗ ಎಷ್ಟು ದಿನ ತಡೆದೀತು?

ಎರಡನೆಯದು ಶಾಖ. ಡ್ರೈವರ್ ಬಲ್ಬಿನ ಕತ್ತಿನಲ್ಲಿದೆ, ಕತ್ತು ಮೇಲ್ಮುಖವಾಗಿ ಮುಚ್ಚಿದ ರಿಫ್ಲೆಕ್ಟರಿನ ನೆತ್ತಿಯಲ್ಲಿದೆ. ಬಿಸಿಗಾಳಿ ಏರಿ ಕೂರುವುದು ಅಲ್ಲೇ.

ಇರುವುದನ್ನೇ ಬಳಸಲೇಬೇಕೆಂದರೆ: ಆ ಸಾಲಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ ಬೀಗ ಹಾಕಿ. ಟೆಸ್ಟರಿನಿಂದ ಸತ್ತಿದೆ ಎಂದು ಖಚಿತ ಮಾಡಿಕೊಳ್ಳಿ. ಕೆಪಾಸಿಟರನ್ನು ಡಿಸ್ಚಾರ್ಜ್ ಮಾಡಿ, ಬಳಿಕ ಅದನ್ನೂ ಇಗ್ನೈಟರ್, ಚೋಕ್‌ಗಳನ್ನೂ ಬಿಚ್ಚಿ ಹೊರತೆಗೆಯಿರಿ. ಫೇಸ್ ತಂತಿ ಹೋಲ್ಡರಿನ ನಡುವಿನ ಬಿಂದುವಿಗೆ, ನ್ಯೂಟ್ರಲ್ ತಿರುಪಿನ ಭಾಗಕ್ಕೆ ನೇರ ಹೋಗಲಿ. ಹೋಲ್ಡರಿನ ಪಿಂಗಾಣಿ ಬಿರುಕು ಬಿಟ್ಟಿದ್ದರೆ, ತಂತಿಯ ಹೊದಿಕೆ ಬಗ್ಗಿಸಿದಾಗ ಪುಡಿಯಾದರೆ ಅದನ್ನು ಉಳಿಸಿಕೊಳ್ಳಬೇಡಿ. ಕೊನೆಗೆ ‘ಚೋಕ್ ತೆಗೆದಿದೆ, 230 ವೋಲ್ಟ್ ನೇರ, ಎಲ್‌ಇಡಿ ಮಾತ್ರ’ ಎಂದು ಅಳಿಸದ ಚೀಟಿ ಅಂಟಿಸಿ.

ಇಷ್ಟೆಲ್ಲ ಮಾಡಿದರೂ ಆ ಬಲ್ಬಿನ ಬೆಳಕು ಪಕ್ಕಕ್ಕೆ ಹೆಚ್ಚು, ಕೆಳಕ್ಕೆ ಕಡಿಮೆ. ಏಣಿ ಹಾಕಿ 8 ಮೀಟರ್ ಹತ್ತಿದ ಮೇಲೆ ಇಡೀ ಫಿಟ್ಟಿಂಗ್ ಬದಲಿಸಿ ಇಳಿಯುವುದೇ ಜಾಣತನ.

ಪ್ರಶ್ನೆ: ಪ್ಯಾಕಿಂಗ್ ವಿಭಾಗದಲ್ಲಿ ನಾಲ್ಕಡಿಯ 36 ವ್ಯಾಟಿನ ಟ್ಯೂಬ್‌ಲೈಟುಗಳಿವೆ. ಟ್ಯೂಬು ಮಾತ್ರ ಬದಲಿಸಿದರೆ ಸಾಲದೇ?

ಉತ್ತರ: ಸಾಲುತ್ತದೆ, ಒಳಗೆ ಯಾವ ಚೋಕ್ ಇದೆ ಎಂದು ನೋಡಿದ ಮೇಲೆ. ಸ್ಟಾರ್ಟರ್ ಇದ್ದರೆ ತಾಮ್ರದ ಸುರುಳಿಯ ಹಳೆಯ ಚೋಕ್. ಅದರಲ್ಲಿ 36 ವ್ಯಾಟಿನ ಟ್ಯೂಬು ನಿಜಕ್ಕೂ 46ರ ಆಸುಪಾಸು ತಿನ್ನುತ್ತದೆ. ಇಂಥ ಫಿಟ್ಟಿಂಗಿಗೆ ಹೊಂದುವ 18ರಿಂದ 20 ವ್ಯಾಟಿನ ಎಲ್‌ಇಡಿ ಟ್ಯೂಬಿನ ಜೊತೆ ಸ್ಟಾರ್ಟರಿನಂತೆಯೇ ಕಾಣುವ ಒಂದು ಡಮ್ಮಿ ಬರುತ್ತದೆ, ಒಳಗಿರುವುದು ಫ್ಯೂಸು. ಹಳೆಯ ಸ್ಟಾರ್ಟರ್ ತೆಗೆದು ಅದನ್ನು ಹಾಕಿ. ಎಲೆಕ್ಟ್ರಾನಿಕ್ ಚೋಕ್ ಇದ್ದರೆ ಆ ಚೋಕ್ ಮಾದರಿಗೆ ಹೊಂದುತ್ತದೆಂದು ತಯಾರಕರ ಪಟ್ಟಿಯಲ್ಲಿ ಹೆಸರಿರುವ ಟ್ಯೂಬನ್ನೇ ತನ್ನಿ, ಇಲ್ಲವೇ ಚೋಕ್ ಕಳಚಿ ನೇರ ಸಪ್ಲೈ ಕೊಡಿ.

ನೇರ ಸಪ್ಲೈ ಕೊಡುವಾಗ ಎಚ್ಚರ. ಕೆಲವು ಟ್ಯೂಬುಗಳಿಗೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಗೆ. ಕೆಲವಕ್ಕೆ ಆ ತುದಿಗೊಂದು ಈ ತುದಿಗೊಂದು. ಎರಡನೆಯ ಬಗೆಯಲ್ಲಿ ಒಂದು ತುದಿ ಸಿಕ್ಕಿಸಿ ಇನ್ನೊಂದು ತುದಿಯ ಪಿನ್ನು ಮುಟ್ಟಿದರೆ ಶಾಕ್ ಹೊಡೆಯಬಹುದು. ಸಪ್ಲೈ ತೆಗೆಯದೆ ಟ್ಯೂಬು ಮುಟ್ಟಕೂಡದು. ಒಂದೇ ತುದಿಯ ವೈರಿಂಗ್ ಮಾಡಿದ ಫಿಟ್ಟಿಂಗಿಗೆ ಯಾರಾದರೂ ಹಳೆಯ ಟ್ಯೂಬು ಹಾಕಿದರೆ 230 ವೋಲ್ಟ್ ಅದರ ತಂತುವಿನ ಮೇಲೆ ನೇರ ಬೀಳುತ್ತದೆ. ಇಲ್ಲೂ ಚೀಟಿ ಬೇಕೇ ಬೇಕು. ಒಂದು ಹಾಲಿನಲ್ಲಿ ಒಂದೇ ಬಗೆ ಇರಲಿ.

ಇದನ್ನು ಮುಂದೂಡುವವರಿಗೆ ಒಂದು ವಿಷಯ: ಪಾದರಸದ ಕುರಿತ ಮಿನಮಾಟಾ ಒಪ್ಪಂದದ ದೇಶಗಳು 2023ರ ಸಭೆಯಲ್ಲಿ ಸಾಮಾನ್ಯ ಬೆಳಕಿನ ಉದ್ದ ಫ್ಲೋರೆಸೆಂಟ್ ಟ್ಯೂಬುಗಳ ತಯಾರಿಕೆ, ಆಮದು, ರಫ್ತನ್ನು 2027ರೊಳಗೆ ಕೊನೆಗೊಳಿಸಲು ಒಪ್ಪಿವೆ. ಬಿಡಿ ಟ್ಯೂಬು ಸಿಗುವುದೇ ಕಷ್ಟವಾಗಲಿದೆ.

ಪ್ರಶ್ನೆ: ಒಂದು ಎಂಸಿಬಿಯ ಮೇಲೆ 150 ವ್ಯಾಟಿನ 12 ಎಲ್‌ಇಡಿ ಇವೆ, 8 ಆಂಪಿಯರ್ ಕೂಡ ದಾಟುವುದಿಲ್ಲ. ಆದರೂ ಸ್ವಿಚ್ ಹಾಕಿದಾಗಲೆಲ್ಲ 16 ಆಂಪಿಯರಿನ ಎಂಸಿಬಿ ಬೀಳುತ್ತದೆ. ಹಳೆಯ ದೀಪಗಳು ದುಪ್ಪಟ್ಟು ಎಳೆಯುತ್ತಿದ್ದರೂ ಬೀಳುತ್ತಿರಲಿಲ್ಲ.

ಉತ್ತರ: ಡ್ರೈವರಿನ ಬಾಯಲ್ಲೇ ಒಂದು ಕೆಪಾಸಿಟರ್ ಇದೆ. ಸಪ್ಲೈ ಬಂದ ಕ್ಷಣ ಅದು ಖಾಲಿ. ತುಂಬಿಕೊಳ್ಳಲು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು 50, 60 ಆಂಪಿಯರ್ ಎಳೆಯುವುದುಂಟು. ಹನ್ನೆರಡೂ ಒಟ್ಟಿಗೆ ಎಳೆದರೆ? ಬಿ ಮಾದರಿಯ ಎಂಸಿಬಿ ತನ್ನ ರೇಟಿಂಗಿನ 3ರಿಂದ 5 ಪಟ್ಟಿಗೆ ತಟ್ಟನೆ ಬೀಳುತ್ತದೆ, ಸಿ ಮಾದರಿ 5ರಿಂದ 10 ಪಟ್ಟಿಗೆ. ನಿಮ್ಮದು ಬಹುಶಃ ಬಿ.

ಡ್ರೈವರಿನ ತಾಂತ್ರಿಕ ಪತ್ರದಲ್ಲಿ ‘16 ಆಂಪಿಯರ್ ಬಿ ಎಂಸಿಬಿಗೆ ಇಷ್ಟು, ಸಿಗೆ ಇಷ್ಟು’ ಎಂದು ಸಂಖ್ಯೆ ಕೊಟ್ಟಿರುತ್ತಾರೆ. ಆ ಸಂಖ್ಯೆ ಮೀರಬೇಡಿ. ಬಿ ತೆಗೆದು ಸಿ ಹಾಕುವುದು ಸುಲಭದ ಪರಿಹಾರ. ಆದರೆ ಸಿ ಬೀಳಲು ಹೆಚ್ಚು ಕರೆಂಟ್ ಬೇಕು. ಸಾಲಿನ ಕೊನೆಯ ದೀಪದಲ್ಲಿ ಅರ್ತ್ ಫಾಲ್ಟ್ ಆದರೆ ಉದ್ದ ಕೇಬಲ್ ದಾಟಿ ಅಷ್ಟು ಕರೆಂಟ್ ಬರುತ್ತದೆಯೇ ಎಂದು ಲೂಪ್ ಇಂಪೀಡೆನ್ಸ್ ಮೀಟರಿನಿಂದ ನೋಡದೆ ಬದಲಿಸಬೇಡಿ.

ದೀಪಗಳನ್ನು ಎರಡು ಮೂರು ಗುಂಪು ಮಾಡಿ ಒಂದಾದ ಮೇಲೊಂದು ಹೊತ್ತುವಂತೆ ಟೈಮರ್ ಇಡುವುದು ಇನ್ನೂ ಒಳ್ಳೆಯದು. ಕೈಯಿಂದ ಬೇರೆ ಬೇರೆ ಸ್ವಿಚ್ ಹಾಕಿದರೆ ಸಾಲದು: ವಿದ್ಯುತ್ ಹೋಗಿ ಬಂದಾಗ ಎಲ್ಲ ಸ್ವಿಚ್ಚೂ ಆನ್ ಆಗಿಯೇ ಇರುತ್ತವೆ, ಎಲ್ಲ ದೀಪ ಒಮ್ಮೆಗೇ ಎಳೆಯುತ್ತವೆ. ಸಪ್ಲೈ ಹೋದಾಗ ಬಿಟ್ಟುಕೊಳ್ಳುವ, ಬಂದಾಗ ತಡಮಾಡಿ ಹಿಡಿಯುವ ಕಾಂಟ್ಯಾಕ್ಟರ್ ಎಂಬ ವಿದ್ಯುತ್ಕಾಂತದ ಸ್ವಿಚ್ ಬೇಕು. ಪುಟ್ಟ ರಿಲೇ ಹಾಕಿದವರಿಗೆ ಇನ್ನೊಂದು ಕಾಟ: ಇದೇ ಹೊಡೆತಕ್ಕೆ ಅದರ ಕಾಂಟ್ಯಾಕ್ಟ್ ಬೆಸೆದುಕೊಂಡು ದೀಪ ಆರುವುದೇ ಇಲ್ಲ.

ಪ್ರಶ್ನೆ: ಹಾಕಿ ಒಂದೂವರೆ ವರ್ಷ. ಡ್ರೈವರುಗಳು ಒಂದೊಂದಾಗಿ ಸಾಯುತ್ತಿವೆ. ಎಲ್‌ಇಡಿ ಐವತ್ತು ಸಾವಿರ ಗಂಟೆ ಎಂದಿದ್ದರಲ್ಲ?

ಉತ್ತರ: ಚಿಪ್ಪು ಬಾಳೀತು, ಡ್ರೈವರ್ ಬಾಳಬೇಕಲ್ಲ! ಹೆಣ ಎಲ್ಲಿ ಬಿದ್ದಿದೆ ಎಂಬುದರಿಂದಲೇ ಕೊಂದವರು ಯಾರೆಂದು ಬಹುಮಟ್ಟಿಗೆ ತಿಳಿಯುತ್ತದೆ. ಶೆಡ್ಡಿನ ನಕ್ಷೆಯ ಮೇಲೆ ಸತ್ತ ದೀಪಗಳಿಗೆ ಗುರುತು ಹಾಕಿ, ದಿನಾಂಕ ಬರೆಯಿರಿ.

ಬಿಸಿ ಜಾಸ್ತಿ ಇರುವ ಕಡೆ, ಅಂದರೆ ಕುಲುಮೆಯ ಮೇಲೆ, ಬಿಸಿಲು ಬೀಳುವ ತಗಡಿನ ಶೀಟಿಗೆ ಅಂಟಿದಂತಿರುವ ಸಾಲಿನಲ್ಲಿ, ಬೇರೆ ಬೇರೆ ದಿನ ಒಂದೊಂದೇ ಹೋಗಿದ್ದರೆ ಕಾರಣ ಶಾಖ. ಡ್ರೈವರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಹೆಚ್ಚಳಕ್ಕೆ ಸುಮಾರು ಅರ್ಧವಾಗುತ್ತದೆ. 40 ಡಿಗ್ರಿ ಸುತ್ತಲಿನ ತಾಪಕ್ಕೆ ಮಾಡಿದ ಫಿಟ್ಟಿಂಗನ್ನು 55 ಡಿಗ್ರಿಯ ಗಾಳಿಯಲ್ಲಿ ತೂಗುಹಾಕಿದರೆ ಉಳಿಯುವುದೆಷ್ಟು, ಲೆಕ್ಕ ಹಾಕಿ. ಡ್ರೈವರಿನ ಮೈಮೇಲೆ ಸಣ್ಣ ಚುಕ್ಕೆಯೊಂದಿಟ್ಟು ‘ಟಿಸಿ’ ಎಂದು ಬರೆದಿರುತ್ತಾರೆ, ಪಕ್ಕದಲ್ಲೇ ಗರಿಷ್ಠ ತಾಪ ಇರುತ್ತದೆ. ಅದೇ ಚುಕ್ಕೆಗೆ ತಾಪ ಅಳೆಯುವ ಥರ್ಮೋಕಪಲ್ ಅಂಟಿಸಿ ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ ಓದಿ. ಮೀರಿದ್ದರೆ ಫಿಟ್ಟಿಂಗನ್ನು ಶೀಟಿನಿಂದ ಅರ್ಧ, ಒಂದು ಮೀಟರ್ ಕೆಳಗಿಳಿಸಿ, ರೆಕ್ಕೆಗಳ ಮೇಲಿನ ಧೂಳು ಊದಿಸಿ. ಹತ್ತಿ, ಹಿಟ್ಟು, ಮರದ ಪುಡಿ ಏಳುವ ಕಡೆ ಆ ರೆಕ್ಕೆಗಳ ಸಂದು ಕೆಲವೇ ತಿಂಗಳಲ್ಲಿ ಕಂಬಳಿ ಹೊದ್ದಂತೆ ಮುಚ್ಚಿಹೋಗುತ್ತದೆ. ಆದರೆ ಅಂಥ ಪುಡಿ ಬೆಂಕಿ ಹಿಡಿಯುವಂಥದ್ದು. ಗಾಳಿಗೆ ಎಬ್ಬಿಸದೆ, ಸಪ್ಲೈ ತೆಗೆದು, ಅದಕ್ಕೆಂದೇ ಮಾಡಿದ ವ್ಯಾಕ್ಯೂಮಿನಿಂದ ಎಳೆಯಬೇಕು.

ಒಂದೇ ಫೇಸಿನ ದೀಪಗಳು ಒಂದೇ ದಿನ ಗುಂಪಾಗಿ ಹೋಗಿದ್ದರೆ ನ್ಯೂಟ್ರಲ್ ನೋಡಿ. ಮೂರು ಫೇಸಿನ ಪ್ಯಾನೆಲ್ಲಿನಲ್ಲಿ ನ್ಯೂಟ್ರಲ್ ಸಡಿಲವಾದರೆ ಲೋಡ್ ಕಡಿಮೆ ಇರುವ ಫೇಸಿನ ವೋಲ್ಟೇಜ್ 230ರಿಂದ 400ರ ಕಡೆಗೆ ಏರುತ್ತದೆ. ನ್ಯೂಟ್ರಲ್ ಲಿಂಕಿನ ಸ್ಕ್ರೂ ಬಿಗಿಮಾಡದೆ ಡ್ರೈವರ್ ಬದಲಿಸುತ್ತ ಹೋದರೆ ತಳವಿಲ್ಲದ ಕೊಡಕ್ಕೆ ನೀರು ಹೊಯ್ದಂತೆ. ಸಿಡಿಲಿನ ರಾತ್ರಿ ಕಳೆದ ಮೇಲೆ ಅಲ್ಲೊಂದು ಇಲ್ಲೊಂದು ಹೋಗಿದ್ದರೆ ಸರ್ಜ್, ಅಂದರೆ ವೋಲ್ಟೇಜಿನ ಕ್ಷಣಿಕ ನೆಗೆತ. ಫಿಟ್ಟಿಂಗಿನೊಳಗಿನ 4 ಕಿಲೋವೋಲ್ಟ್ ರಕ್ಷಣೆ ದೊಡ್ಡ ಶೆಡ್ಡುಗಳಿಗೆ ಅನೇಕ ಸಲ ಸಾಲದು. 10 ಕಿಲೋವೋಲ್ಟಿನದು ಕೇಳಿ, ಲೈಟಿಂಗ್ ಪ್ಯಾನೆಲ್ಲಿಗೂ ಸರ್ಜ್ ಅರೆಸ್ಟರ್ ಹಾಕಿ. ಅರ್ತ್ ಚೆನ್ನಾಗಿಲ್ಲದಿದ್ದರೆ ಎರಡೂ ವ್ಯರ್ಥ.

ಪ್ರಶ್ನೆ: ರಬ್ಬರ್ ಕಾಯಿಸುವ ವಿಭಾಗದಲ್ಲಿ ಮಾತ್ರ ಎಲ್‌ಇಡಿ ವರ್ಷದೊಳಗೆ ಮಂಕಾಯಿತು, ಬಣ್ಣವೂ ಬದಲಾಯಿತು. ಬೇರೆಡೆ ಸರಿ ಇದೆ.

ಉತ್ತರ: ಗಂಧಕದ ಕೆಲಸ ಅದು. ಎಲ್‌ಇಡಿ ಚಿಪ್ಪಿನ ಕೆಳಗೆ ಬೆಳಕು ಹಿಂತಿರುಗಿಸಲು ಬೆಳ್ಳಿಯ ತೆಳು ಲೇಪ ಇರುವುದುಂಟು. ಗಂಧಕದ ಆವಿ ಸಿಲಿಕೋನ್ ದಾಟಿ ಹೋಗಿ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮನೆಯ ಬೆಳ್ಳಿ ಲೋಟ ಕಪ್ಪಾಗುವುದೂ ಹೀಗೆಯೇ. ಗಂಧಕ ತಡೆಯುವ ಚಿಪ್ಪು ಬಳಸಿದ, ಗ್ಯಾಸ್ಕೆಟ್ ಬಿಗಿಯಾಗಿರುವ ಫಿಟ್ಟಿಂಗೇ ಬೇಕೆಂದು ಬರೆದು ಕೇಳಿ. ಹಾಗೆಯೇ ಕಟಿಂಗ್ ಆಯಿಲ್, ಥಿನ್ನರ್ ಆವಿ ಇರುವ ಕಡೆ ಪಾಲಿಕಾರ್ಬೊನೇಟ್ ಮುಚ್ಚಳ ಕೂದಲೆಳೆ ಬಿರುಕು ಬಿಡುತ್ತದೆ. ಅಲ್ಲಿ ಟಫನ್ ಮಾಡಿದ ಗಾಜು. ಸ್ಫೋಟಕ ಆವಿ ಅಥವಾ ಧೂಳಿನ ವಲಯವೆಂದು ಗುರುತಿಸಿದ ಜಾಗದಲ್ಲಂತೂ ಹಳೆಯ ಫಿಟ್ಟಿಂಗಿನೊಳಗೆ ಕೈ ಹಾಕಲೇಬೇಡಿ. ಒಂದು ರಂಧ್ರ ಕೊರೆದರೂ ಅದರ ಪ್ರಮಾಣಪತ್ರಕ್ಕೆ ಅರ್ಥವಿಲ್ಲ.

ಪ್ರಶ್ನೆ: ಹೊಸ ದೀಪ ಬಂದ ಮೇಲೆ ಲೇತ್ ಚಕ್ ನಿಂತಂತೆ ಕಾಣುತ್ತದೆ ಎಂದು ಆಪರೇಟರುಗಳು ದೂರುತ್ತಿದ್ದಾರೆ. ಭ್ರಮೆಯೇ?

ಉತ್ತರ: ಭ್ರಮೆ ಹೌದು, ಸುಳ್ಳಲ್ಲ. ತಕ್ಷಣ ಗಮನಿಸಿ. 50 ಹರ್ಟ್ಸ್ ಸಪ್ಲೈಯಲ್ಲಿ ಸರಿಯಾದ ಫಿಲ್ಟರ್ ಇಲ್ಲದ ಡ್ರೈವರಿನ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ನಾಲ್ಕು ದವಡೆಯ ಚಕ್ ನಿಮಿಷಕ್ಕೆ 1,500 ಸುತ್ತಿನ ವೇಗದಲ್ಲಿದೆ ಎನ್ನಿ. ಸೆಕೆಂಡಿಗೆ 25 ಸುತ್ತು. ಒಂದು ದವಡೆ ಇದ್ದ ಜಾಗಕ್ಕೆ ಮುಂದಿನ ದವಡೆ ಸೆಕೆಂಡಿಗೆ 100 ಸಲ ಬಂದು ನಿಲ್ಲುತ್ತದೆ. ಬೆಳಕು ಉಜ್ವಲವಾದಾಗಲೆಲ್ಲ ಕಣ್ಣಿಗೆ ಅದೇ ಚಿತ್ರ. ತಿರುಗುವ ಚಕ್ಕಿಗೆ ಕೈ ಹಾಕುವ ಅಪಾಯ ಇಲ್ಲಿಂದಲೇ.

ಮೊಬೈಲ್ ಕ್ಯಾಮೆರಾವನ್ನು ದೀಪದ ಹತ್ತಿರ ಹಿಡಿದಾಗ ದಟ್ಟ ಕಪ್ಪು ಪಟ್ಟಿಗಳು ಸರಿದಾಡಿದರೆ ಸಂಶಯಕ್ಕೆ ಅಷ್ಟು ಸಾಕು, ನಿರ್ಣಯಕ್ಕೆ ಸಾಲದು. ಎಸ್‌ವಿಎಂ ಎಂಬ, ಮಿನುಗಿನಿಂದ ಚಲನೆ ತಪ್ಪಾಗಿ ಕಾಣುವುದನ್ನು ಅಳೆಯುವ ಸಂಖ್ಯೆಯನ್ನು ಪೂರೈಕೆದಾರರಿಂದ ಬರೆಸಿಕೊಳ್ಳಿ, ಅದು 0.4 ಅಥವಾ ಕಡಿಮೆ ಇರಬೇಕು. ಚಿಪ್ಪಿನ ಫಲಕದ ಮೇಲೇ ಡ್ರೈವರ್ ಬೆಸೆದ ಅಗ್ಗದ ಫಿಟ್ಟಿಂಗುಗಳಲ್ಲಿ ಈ ತೊಂದರೆ ಹೆಚ್ಚು. ಬದಲಿಸುವವರೆಗೆ ಪಕ್ಕಪಕ್ಕದ ದೀಪಗಳನ್ನು ಬೇರೆ ಬೇರೆ ಫೇಸಿಗೆ ಹಂಚಿ, ಪ್ರತಿ ಲೇತಿಗೂ ಮಿನುಗದ ಒಂದು ಸ್ಥಳೀಯ ದೀಪ ಕೊಡಿ.

ಪ್ರಶ್ನೆ: ಎಲ್‌ಇಡಿ ಹಾಕಿದ ಮೇಲೆ ಬಿಲ್ಲಿನಲ್ಲಿ ಯೂನಿಟ್ ಇಳಿಯಿತು, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬಂದ ಪಾಲು) ಕೆಟ್ಟಿತು. ಏಕೆ?

ಉತ್ತರ: ಹಳೆಯ ಚೋಕ್‌ಗಳಿಗೆ ಸರಿದೂಗಿಸಲು ಪ್ಯಾನೆಲ್ಲಿನಲ್ಲಿ ಕಾಯಂ ಆಗಿ ಜೋಡಿಸಿದ್ದ ಕೆಪಾಸಿಟರುಗಳು ಹಾಗೇ ಉಳಿದಿರುತ್ತವೆ. ಚೋಕ್ ಹೋಯಿತು, ಕೆಪಾಸಿಟರ್ ಉಳಿಯಿತು, ಪವರ್ ಫ್ಯಾಕ್ಟರ್ ಲೀಡಿಂಗ್ (ಕರೆಂಟ್ ವೋಲ್ಟೇಜಿಗಿಂತ ಮುಂದೆ ಓಡುವ) ಕಡೆಗೆ ವಾಲಿತು. ಲೈಟಿಂಗ್ ಫೀಡರಿನ ಕೆಪಾಸಿಟರ್ ಬಿಡಿಸಿ ಒಂದು ವಾರ ಓದಿ ನೋಡಿ. ಜೊತೆಗೆ ನ್ಯೂಟ್ರಲ್ ತಂತಿಗೆ ಕ್ಲ್ಯಾಂಪ್ ಮೀಟರ್ ಹಾಕಿ. ಡ್ರೈವರಿನ ಮೂರನೇ ಹಾರ್ಮೋನಿಕ್ (ಸಪ್ಲೈಯ ಮೂರು ಪಟ್ಟು ಆವರ್ತನದ ಕರೆಂಟ್) ಮೂರು ಫೇಸಿನಿಂದಲೂ ಬಂದು ನ್ಯೂಟ್ರಲ್ಲಿನಲ್ಲಿ ಕೂಡುತ್ತದೆ, ಕಳೆಯುವುದಿಲ್ಲ. ಅದು ಶೇ 15 ಇದ್ದರೆ ಲೋಡ್ ಸರಿಸಮ ಹಂಚಿದ್ದರೂ ನ್ಯೂಟ್ರಲ್ಲಿನಲ್ಲಿ ಫೇಸ್ ಕರೆಂಟಿನ ಶೇ 45 ಹರಿಯುತ್ತದೆ.

ಪ್ರಶ್ನೆ: ಎತ್ತರದ ರ್‍ಯಾಕುಗಳಿರುವ ಗೋದಾಮು. ಓಣಿಗಳಲ್ಲಿ ದಿನದ ಬಹುಪಾಲು ಯಾರೂ ಇರುವುದಿಲ್ಲ. ಸೆನ್ಸರ್ ಹಾಕಬಹುದೇ?

ಉತ್ತರ: ಹಾಕಬಹುದಷ್ಟೇ ಅಲ್ಲ, ಎಲ್‌ಇಡಿಯ ನಿಜವಾದ ಲಾಭ ಇರುವುದೇ ಇಲ್ಲಿ. ಮೆಟಲ್ ಹಾಲೈಡ್ ಒಮ್ಮೆ ಆರಿದರೆ ತಣ್ಣಗಾಗಿ ಮತ್ತೆ ಹೊತ್ತಲು 10, 15 ನಿಮಿಷ. ಅದಕ್ಕೇ ಖಾಲಿ ಓಣಿಯಲ್ಲೂ ಹಗಲುರಾತ್ರಿ ಉರಿಯುತ್ತಿತ್ತು.

ಓಣಿಯ ಬಾಯಲ್ಲಿ ಅಡ್ಡ ಹೋಗುವ ಫೋರ್ಕ್‌ಲಿಫ್ಟಿಗೆಲ್ಲ ಒಳಗಿನ ದೀಪ ಹೊತ್ತಬಾರದು. ಸೆನ್ಸರಿನ ಜೊತೆ ಬರುವ ಮರೆಯಿಂದ ಆ ಬದಿ ಮುಚ್ಚಿ. ಪಿಐಆರ್ ಸೆನ್ಸರ್ ಮೈಶಾಖಕ್ಕೂ ಹಿನ್ನೆಲೆಯ ಶಾಖಕ್ಕೂ ಇರುವ ವ್ಯತ್ಯಾಸ ನೋಡುತ್ತದೆ. ಒಳಗಿನ ತಾಪ 35 ಡಿಗ್ರಿ ಮುಟ್ಟಿದರೆ ಮನುಷ್ಯನೂ ಗಾಳಿಯೂ ಅದಕ್ಕೆ ಒಂದೇ. ಸೆಖೆಗಾಲದಲ್ಲಿ ‘ಸೆನ್ಸರ್ ಕೆಟ್ಟಿದೆ’ ಎಂಬ ದೂರುಗಳ ಗುಟ್ಟು ಇದೇ. ಮೈಕ್ರೋವೇವ್ ಸೆನ್ಸರಿಗೆ ಶಾಖದ ಹಂಗಿಲ್ಲ, ಆದರೆ ತೆಳು ಗೋಡೆ ದಾಟಿ ಪಕ್ಕದ ಓಣಿಯ ಚಲನೆಗೂ ಕಣ್ಣು ಬಿಡುತ್ತದೆ; ಗ್ರಹಿಕೆಯ ದೂರ ತಗ್ಗಿಸಿಡಿ. ಯಾವುದೇ ಆಗಲಿ, ನಿಮ್ಮ ಎತ್ತರಕ್ಕೆ ರೇಟಿಂಗ್ ಇರಲೇಬೇಕು. ಕಚೇರಿಯ 3 ಮೀಟರಿನ ಸೆನ್ಸರನ್ನು 10 ಮೀಟರಿನಲ್ಲಿ ಕೂರಿಸಿದರೆ ಕುರುಡು.

ಪೂರ್ತಿ ಆರಿಸಬೇಡಿ. ಶೇ 10ರಿಂದ 20ಕ್ಕೆ ಇಳಿಸಿ. ಕತ್ತಲಿಗೆ ಫೋರ್ಕ್‌ಲಿಫ್ಟ್ ನುಗ್ಗಿಸುವುದು ಅಪಾಯ. ಚಲನೆ ನಿಂತ ಮೇಲೆ ಐದು ನಿಮಿಷ ಕಾಯುವಂತಿರಲಿ, ಮೂವತ್ತು ಸೆಕೆಂಡ್ ಇಟ್ಟರೆ ಏಣಿಯ ಮೇಲಿದ್ದವರು ಶಾಪ ಹಾಕುತ್ತಾರೆ. ರ್‍ಯಾಕಿನ ಓಣಿಗೆ ದುಂಡು ಬೆಳಕಿನ ಹೈಬೇ ಬೇಡ, ಓಣಿಯುದ್ದಕ್ಕೆ ಹರಡಿ ಅಡ್ಡಕ್ಕೆ ಕಿರಿದಾಗುವ ಲೆನ್ಸು ಬೇಕು. ಇಲ್ಲಿ ಓದಬೇಕಾದ ಚೀಟಿ ಇರುವುದು ರ್‍ಯಾಕಿನ ಮುಖದ ಮೇಲೆ. ಲಕ್ಸ್ ಮೀಟರನ್ನೂ ಅಲ್ಲೇ ನಿಲ್ಲಿಸಿ ಹಿಡಿಯಿರಿ.

ಎಲ್ಲವನ್ನೂ ಕಂಪ್ಯೂಟರಿನಿಂದ ಆಳಬೇಕೆಂದರೆ ಡಾಲಿ ಪದ್ಧತಿ ಇದೆ: ಒಂದು ಜೋಡಿ ತಂತಿಗೆ 64 ವಿಳಾಸ, 1.5 ಚದರ ಮಿಲಿಮೀಟರಿನ ತಂತಿಯಾದರೆ 300 ಮೀಟರ್ ತನಕ. ಹತ್ತು ದೀಪದ ಸ್ಟೋರ್ ರೂಮಿಗೆ ಅದನ್ನು ಹಾಕಿದರೆ ಮೂಗಿಗಿಂತ ಮೂಗುತಿ ಭಾರ.

ಪ್ರಶ್ನೆ: ಬೆಳಕಿನ ಬಣ್ಣ 6,500 ಕೆಲ್ವಿನ್ ಒಳ್ಳೆಯದೋ, 4,000 ಒಳ್ಳೆಯದೋ?

ಉತ್ತರ: 4,000ರಿಂದ 5,000ದ ನಡುವೆ ಯಾವುದಾದರೂ. ನೀಲಿ ಬಿಳುಪು ಮೊದಲ ನೋಟಕ್ಕೆ ಪ್ರಖರ, ರಾತ್ರಿ ಪಾಳಿಗೆ ಕಣ್ಣುಕುಕ್ಕು. ಬಣ್ಣ ಹೊಂದಿಸುವ ಕೆಲಸವಿದ್ದರೆ ಕೆಲ್ವಿನ್‌ಗಿಂತ ಸಿಆರ್‌ಐ (ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬ ಅಂಕಿ) ಮುಖ್ಯ: ಸಾಮಾನ್ಯಕ್ಕೆ 80, ಬಣ್ಣದ ತಪಾಸಣೆಗೆ 90ರ ಮೇಲೆ.

ಪ್ರಶ್ನೆ: ಕಳಚಿದ ಹಳೆಯ ಬಲ್ಬು, ಟ್ಯೂಬುಗಳನ್ನು ಗುಜರಿಗೆ ಹಾಕಬಹುದೇ?

ಉತ್ತರ: ಕೂಡದು. ಟ್ಯೂಬಿನಲ್ಲಿ ಕೆಲವು ಮಿಲಿಗ್ರಾಂ, 400 ವ್ಯಾಟಿನ ಮೆಟಲ್ ಹಾಲೈಡಿನಲ್ಲಿ ಹತ್ತಾರು ಮಿಲಿಗ್ರಾಂ ಪಾದರಸವಿದೆ. ಹೊಸ ದೀಪ ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಒಡೆಯದಂತೆ ಜೋಡಿಸಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳಲು ಪರವಾನಗಿ ಇರುವವರಿಗೆ ಲೆಕ್ಕ ಬರೆದು ಒಪ್ಪಿಸಿ. ಒಡೆದರೆ ಜನರನ್ನು ಹೊರಕಳಿಸಿ, ಕಿಟಕಿ ತೆರೆದು ಕಾಲು ಗಂಟೆ ಬಿಡಿ. ಚೂರನ್ನು ಗಟ್ಟಿ ಕಾಗದದಿಂದ ಬಳಿದು, ಒದ್ದೆ ಬಟ್ಟೆಯಿಂದ ಒರೆಸಿ ಮುಚ್ಚಳದ ಡಬ್ಬಿಗೆ ಹಾಕಿ. ಪೊರಕೆ, ವ್ಯಾಕ್ಯೂಮ್ ಎರಡೂ ಪಾದರಸವನ್ನು ಗಾಳಿಗೆ ಎಬ್ಬಿಸುತ್ತವೆ. 1980ಕ್ಕೂ ಹಿಂದಿನ ಚೋಕ್ ಪೆಟ್ಟಿಗೆಗಳಾದರೆ ಕೆಪಾಸಿಟರಿನ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷ ಇರುವ ಸಾಧ್ಯತೆ ಇದೆ. ಜಿನುಗುತ್ತಿದ್ದರೆ ಬರಿಗೈಯಿಂದ ಮುಟ್ಟಬೇಡಿ.

ಪ್ರಶ್ನೆ: ಖರೀದಿ ಆದೇಶದಲ್ಲಿ ಏನೇನು ಬರೆಯಬೇಕು?

ಉತ್ತರ: ಫಿಟ್ಟಿಂಗಿನ ಲ್ಯೂಮೆನ್, ಒಟ್ಟು ವ್ಯಾಟ್, ಸುತ್ತಲಿನ ಗರಿಷ್ಠ ತಾಪ, ಐಪಿ 65 (ಧೂಳು, ನೀರು ತಡೆಯುವ ಮಟ್ಟ), ಸರ್ಜ್ ಕಿಲೋವೋಲ್ಟ್, ಪವರ್ ಫ್ಯಾಕ್ಟರ್ 0.95ರ ಮೇಲೆ, ಎಸ್‌ವಿಎಂ, ಲೆನ್ಸಿನ ಕೋನ. ‘ಒಂದು ಲಕ್ಷ ಗಂಟೆ’ ಎನ್ನುವವರಿಂದ ಪರೀಕ್ಷಾ ವರದಿ ಕೇಳಿ. ಆಯಸ್ಸಿನ ಅಂದಾಜನ್ನು ಪರೀಕ್ಷೆಯ ಅವಧಿಯ 6 ಪಟ್ಟಿಗಿಂತ ಮುಂದೆ ಎಳೆಯಬಾರದೆಂಬುದು ಟಿಎಂ-21 ವಿಧಾನದ ನಿಯಮ. ಲಕ್ಷ ಗಂಟೆ ಎನ್ನಲು ಸುಮಾರು 17,000 ಗಂಟೆ, ಅಂದರೆ ಹತ್ತಿರ ಹತ್ತಿರ ಎರಡು ವರ್ಷ ನಿಲ್ಲಿಸದೆ ಉರಿಸಿ ನೋಡಿರಬೇಕು. ವಾರಂಟಿ ಡ್ರೈವರಿಗೂ ಇದೆಯೇ, ಏರಿಸಿಳಿಸುವ ಖರ್ಚು ಯಾರದು ಎಂಬುದನ್ನೂ ಅಲ್ಲೇ ಬರೆಸಿ.

ತುರ್ತು ದೀಪ ಮರೆಯುವವರೇ ಹೆಚ್ಚು. ಹಳೆಯ ಸಾಲಿನಲ್ಲಿ ಬ್ಯಾಟರಿ ಇದ್ದ ಫಿಟ್ಟಿಂಗುಗಳನ್ನೂ ಉಳಿದವುಗಳ ಜೊತೆ ಕಳಚಿ ಹಾಕಿಬಿಡುತ್ತಾರೆ. ಹೊರಹೋಗುವ ದಾರಿಯಲ್ಲಿ ಕನಿಷ್ಠ 1 ಲಕ್ಸ್ ಬೇಕು. ಅಪಾಯದ ಯಂತ್ರಗಳ ಬಳಿ ಮಾಮೂಲು ಬೆಳಕಿನ ಶೇ 10ರಷ್ಟು ಬೆಳಕು, ಅದೂ 15 ಲಕ್ಸಿಗಿಂತ ಕಡಿಮೆ ಇಲ್ಲದಂತೆ, ಅರ್ಧ ಸೆಕೆಂಡಿನೊಳಗೆ ಬರಬೇಕು.

ಎಲ್ಲ ಒಟ್ಟಿಗೆ ತರಿಸದೆ ಮೊದಲು ಒಂದು ಸಾಲು ತೂಗಿಹಾಕಿ, ಒಂದು ತಿಂಗಳು ಉರಿಸಿ ಅಳೆಯಿರಿ. ಕೊಕ್ಕೆಯ ಜೊತೆಗೆ ಪ್ರತಿ ಫಿಟ್ಟಿಂಗಿಗೂ ಬೇರೆಯದೇ ಸುರಕ್ಷತಾ ಸರಪಳಿ ಇರಲಿ, ಕ್ರೇನ್ ಓಡಾಡುವ ಶೆಡ್ಡಿನಲ್ಲಿ ನಟ್ಟು ತಾನಾಗಿ ಸಡಿಲವಾಗುತ್ತದೆ. ಅದೇ ಬ್ಯಾಚಿನ ಬಿಡಿ ಫಿಟ್ಟಿಂಗ್ ನೂರಕ್ಕೆ ನಾಲ್ಕೈದರಂತೆ ತೆಗೆದಿಡಿ. ಎರಡು ವರ್ಷದ ಬಳಿಕ ಅದೇ ಮಾದರಿ ಕೇಳಿದರೆ ಬೇರೆ ಬಿಳುಪಿನದು ಬರುತ್ತದೆ, ಸಾಲಿನ ನಡುವೆ ಎದ್ದು ಕಾಣುತ್ತದೆ. ಹಾಕಿದ ದಿನಾಂಕವನ್ನು ಫಿಟ್ಟಿಂಗಿನ ಕೆಳಮೈಯಲ್ಲಿ, ನೆಲದಿಂದ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಬರೆಸಿ.